ಚಳಿಗಾಲದಲ್ಲಿ ಮೂಕಜೀವಕ್ಕೆ ಹೊದಿಕೆ, ಮನೆಮಂದಿಗೆ ಬಿಸಿ ಊಟ

(ಬೆಂಗಳೂರಿನ ಕುಮಾರಸ್ವಾಮಿ ಲೇಔಟಿನ ಗೃಹಿಣಿಯೊಬ್ಬರು ಗ್ರಾಮದ ಮಹಿಳಾ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಪೇಟೆಯಿಂದ ಬಂದವಳು ಹಳ್ಳಿಯವರಿಗೆ ದನಕರುಗಳ ವಿಷಯ ಹೇಳುವುದೆಂದರೆ ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ ಎಂದು ನೀವು ನಗಬಹುದು. ನಾನೂ ಕನಕಪುರದ ಕಡೆಯ ಒಕ್ಕಲು ಮನೆಯಲ್ಲಿ ಹುಟ್ಟಿದವಳೇ. ಮದುವೆಯಾಗಿ ಕುಮಾರಸ್ವಾಮಿ ಲೇಔಟಿಗೆ ಬಂದವಳು. ಈ ದಿನ ನಾನು ಹೇಳುವುದು ಪುಸ್ತಕ ಓದಿ ಕಲಿತದ್ದಲ್ಲ. ಒಂದು ಜೀವವನ್ನು ಕಳೆದುಕೊಂಡು ಕಲಿತದ್ದು.

ಕೆಲವು ವರ್ಷಗಳ ಹಿಂದೆ, ಮಾಗಿಯ ಚಳಿಯಲ್ಲಿ, ತಾಯಿ ಸತ್ತ ಎರಡು ನಾಯಿಮರಿಗಳನ್ನು ನಮ್ಮ ಬೀದಿಯಿಂದ ಮನೆಗೆ ತಂದೆ. ನನಗೆ ಕ್ರೋಶಾ ಹೆಣಿಗೆ ಬರುತ್ತದೆ. ಎರಡೇ ದಿನದಲ್ಲಿ ಎರಡಕ್ಕೂ ಉಲ್ಲನ್ ದಾರದಲ್ಲಿ ಕೆಂಪು ಅಂಗಿ ಹೆಣೆದು ತೊಡಿಸಿದೆ. ನೆರೆಯವರೆಲ್ಲ ಬಂದು ನೋಡಿ ಹೊಗಳಿದರು. ನಾನೂ ಹಿಗ್ಗಿದೆ. ರಾತ್ರಿ ಅವುಗಳನ್ನು ಜಗುಲಿಯ ಬರಿಯ ಕಲ್ಲುನೆಲದ ಮೇಲೆ ಮಲಗಿಸಿ ಬಾಗಿಲು ಹಾಕಿಕೊಂಡೆ. ಬೆಳಗ್ಗೆ ನೋಡಿದರೆ ಒಂದು ಮರಿ ಸೆಟೆದುಕೊಂಡು ಬಿದ್ದಿತ್ತು. ಇನ್ನೊಂದಕ್ಕೆ ಉಸಿರು ಮಾತ್ರ ಇತ್ತು. ಅದನ್ನು ಎತ್ತಿಕೊಂಡು ಪಶುವೈದ್ಯರಲ್ಲಿಗೆ ಓಡಿದೆ. ಅವರು ಅಂಗಿಯನ್ನು ನೋಡಿ ಒಂದೇ ಮಾತು ಕೇಳಿದರು: “ಮೇಲೆ ಹೊದಿಸಿದ್ದೀರಲ್ಲಮ್ಮ, ಕೆಳಗೆ ಏನು ಹಾಸಿದ್ದಿರಿ?”

ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನೇ ಈಗ ನಿಮ್ಮ ಮುಂದೆ ಇಡುತ್ತೇನೆ. ನಿಮ್ಮ ಕೊಟ್ಟಿಗೆಯ ಕರುವಿನ ಕೆಳಗೆ ಈ ರಾತ್ರಿ ಏನು ಹಾಸಿದ್ದೀರಿ?

ನಮ್ಮ ಕಡೆ ಎಂಥ ಚಳಿ?

ನಮ್ಮ ಸೀಮೆಯಲ್ಲಿ ಹಿಮ ಬೀಳುವುದಿಲ್ಲ, ಆದ್ದರಿಂದ ಚಳಿಗೆ ಯಾವ ಜೀವವೂ ಸಾಯುವುದಿಲ್ಲ ಎಂದು ನಾವು ತಿಳಿದಿದ್ದೇವೆ. ಇದು ತಪ್ಪು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. 1884ರ ಜನವರಿ 13ರಂದು ಇಲ್ಲಿ 7.8 ಡಿಗ್ರಿ ಸೆಲ್ಸಿಯಸ್ ಚಳಿ ದಾಖಲಾಗಿದೆ. ಸಾಮಾನ್ಯವಾಗಿ ಜನವರಿಯ ಬೆಳಗಿನ ಜಾವದಲ್ಲಿ 15–16 ಡಿಗ್ರಿ ಇರುತ್ತದೆ; ಬಯಲಿನ ಹಳ್ಳಿಗಳಲ್ಲಿ ಇನ್ನೂ ಕಡಿಮೆ. ದೊಡ್ಡ ಹಸುವಿಗೆ ಇದು ಹಿತವೇ. ಆದರೆ ಆಗತಾನೆ ಹುಟ್ಟಿದ ಕರುವಿಗೆ ಸುಮಾರು 15 ಡಿಗ್ರಿಗಿಂತ ಕೆಳಗಿಳಿದರೆ ಮೈಬಿಸಿ ಉಳಿಸಿಕೊಳ್ಳುವುದೇ ಕಷ್ಟ. ನಾಯಿಮರಿಗಂತೂ ಹುಟ್ಟಿದ ಮೊದಲ ವಾರ ನಡುಗಿ ಶಾಖ ಪಡೆಯುವ ಶಕ್ತಿಯೂ ಇರುವುದಿಲ್ಲ. ಒದ್ದೆ ನೆಲ, ಬೀಸುವ ಗಾಳಿ, ಹಸಿದ ಹೊಟ್ಟೆ ಇವು ಮೂರೂ ಸೇರಿದರೆ ನಮ್ಮ ಚಳಿಯೂ ಕೊಲ್ಲುತ್ತದೆ.

ಮೊದಲು ಹೊಟ್ಟೆ, ಆಮೇಲೆ ನೆಲ

ಕರು ಹುಟ್ಟಿದೊಡನೆ ಒಣಬಟ್ಟೆಯಿಂದಲೋ ಹುಲ್ಲಿನಿಂದಲೋ ಮೈ ಉಜ್ಜಿ ಒಣಗಿಸಿರಿ. ಎರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿರಿ. ಕಸ ಬೀಳಲಿ ಎಂದು ಕಾಯುವುದು ಬೇಡ. ಕರುವಿನ ತೂಕದ ಹತ್ತನೆಯ ಒಂದು ಪಾಲು ಮೊದಲ ದಿನ ಹೊಟ್ಟೆಗೆ ಸೇರಬೇಕು. 25 ಕಿಲೋ ತೂಗುವ ಕರುವಿಗೆ ಎರಡೂವರೆ ಲೀಟರು. ನಾಯಿಮರಿಯ ವಿಷಯದಲ್ಲಿ ಒಂದು ಎಚ್ಚರಿಕೆ: ಮೈ ತಣ್ಣಗಾಗಿ ಸೋತ ಮರಿಗೆ ಹಾಲು ಹೊಯ್ಯಬೇಡಿರಿ, ಅದಕ್ಕೆ ಅರಗುವುದಿಲ್ಲ. ಮೊದಲು ಬಟ್ಟೆಯಲ್ಲಿ ಸುತ್ತಿ ಮೆಲ್ಲಮೆಲ್ಲನೆ ಮೈ ಬೆಚ್ಚಗೆ ಮಾಡಿ, ಆಮೇಲೆ ಹಾಲು.

ಹಾಸಿಗೆಗೆ ಭತ್ತದ ಹುಲ್ಲು, ಒಣ ತರಗು, ಯಾವುದಾದರೂ ಆಗಬಹುದು. ಕರು ಮಲಗಿದಾಗ ಅದರ ಕಾಲು ಹುಲ್ಲಿನಲ್ಲಿ ಮುಚ್ಚಿಹೋಗಬೇಕು. ಅದೇ ಅಳತೆ. ನೀವು ಮೊಣಕಾಲೂರಿ ನೋಡಿರಿ. ಸೀರೆಗೆ ತೇವ ತಾಗಿದರೆ ಹಾಸು ಬದಲಾಯಿಸಬೇಕು. ಗಾಳಿ ಬೀಸುವ ಕಡೆಗೆ ತಡಿಕೆ ಕಟ್ಟಿರಿ. ಆದರೆ ಕೊಟ್ಟಿಗೆಯನ್ನು ಪೂರ್ತಿ ಮುಚ್ಚಿದರೆ ಗಂಜಲದ ಘಾಟು ನಿಂತು ಕರುವಿಗೆ ಎದೆರೋಗ ಬಂದೀತು.

ಕೊನೆಯದು ಹೊದಿಕೆ

ಕರುವಿಗೆ ಉಲ್ಲನ್ ದಾರ ಬೇಡ. ಗೋಣಿಚೀಲವನ್ನು ಬಿಚ್ಚಿ, ಒಳಗಡೆಗೆ ಹಳೆಯ ಕಂಬಳಿಯ ತುಂಡು ಹೊಲಿದು, ಎದೆಗೊಂದು ಹೊಟ್ಟೆಗೊಂದು ದಾರ ಕಟ್ಟಿದರೆ ಸಾಕು. ನಮ್ಮ ಚಳ್ಳಕೆರೆಯ ಕುರಿಯುಣ್ಣೆಯ ಕಂಬಳಿ ಸ್ವಲ್ಪ ತೇವವಾದರೂ ಬೆಚ್ಚಗಿರುತ್ತದೆ. ಹತ್ತಿಬಟ್ಟೆ ಒದ್ದೆಯಾದರೆ ಇದ್ದ ಶಾಖವನ್ನೂ ಎಳೆದುಕೊಳ್ಳುತ್ತದೆ.

ನಾಯಿಗಾದರೆ ಕ್ರೋಶಾ ಹೆಣಿಗೆಯ ಅಂಗಿ ಹಗುರ. ಮುಧೋಳದ ನಾಯಿಯನ್ನು ನೋಡಿದ್ದೀರಷ್ಟೆ? 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ತಳಿ. ಓಟಕ್ಕೆ ಹೆಸರಾದುದು. ಆದರೆ ಕೂದಲು ಗಿಡ್ಡ, ಮೈಯಲ್ಲಿ ಕೊಬ್ಬು ಕಡಿಮೆ. ಚಳಿ ಬೇಗ ತಾಗುತ್ತದೆ. ಇಂಥ ನಾಯಿಗೆ, ಮುದಿನಾಯಿಗೆ, ಮರಿಗೆ ಅಂಗಿ ಬೇಕು. ದಟ್ಟ ಕೂದಲಿನ ನಾಯಿಗೆ ಬೇಡ.

ಹೆಣೆಯುವ ಕ್ರಮ ಸುಲಭ. ಕುತ್ತಿಗೆಯ ಬುಡದಿಂದ ಬಾಲದ ಬುಡದವರೆಗೆ ಅಳೆದು, ನಾಲ್ಕು ಬೆರಳು ಕಡಿಮೆ ಮಾಡಿದರೆ ಉದ್ದ ಸಿಕ್ಕಿತು. ಒಂದು ಮೊಣಕೈಯಿಂದ ಬೆನ್ನಿನ ಮೇಲೆ ಹಾದು ಇನ್ನೊಂದು ಮೊಣಕೈವರೆಗೆ ಅಗಲ. ಆ ಅಗಲಕ್ಕೆ ದಾರವನ್ನು ಸರಪಳಿಯಂತೆ ಹೆಣೆಯಿರಿ. ತಿರುಗಿ ಬರುವಾಗ ಪ್ರತಿ ಸರಪಳಿಯ ಕಣ್ಣಿಗೂ ಕಡ್ಡಿ ಚುಚ್ಚಿ ದಾರ ಎಳೆಯಿರಿ. ಕಡ್ಡಿಯ ಮೇಲೆ ಎರಡು ಕುಣಿಕೆ ನಿಲ್ಲುತ್ತವೆ. ಮತ್ತೆ ದಾರ ಎಳೆದು ಎರಡನ್ನೂ ದಾಟಿಸಿರಿ. ಸಾಲು ಮುಗಿದಾಗ ಒಂದು ಸರಪಳಿ ಹಾಕಿ ತಿರುಗಿಸಿರಿ. ಬೇಕಾದಷ್ಟು ಉದ್ದವಾದ ಮೇಲೆ ಎದೆಗೂ ಹೊಟ್ಟೆಗೂ ಒಂದೊಂದು ಪಟ್ಟಿ ಹೆಣೆದು ಗುಂಡಿ ಹಚ್ಚಿದರೆ ಆಯಿತು. ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಗಂಡುನಾಯಿಯಾದರೆ ಹೊಟ್ಟೆಯ ಪಟ್ಟಿಯನ್ನು ಮುಂದಕ್ಕೇ ಇಡಿರಿ, ಮೂತ್ರ ತಾಗಬಾರದು.

ಬಿಸಿಲೇರಿದ ಮೇಲೆ ಹೊದಿಕೆಯನ್ನು ತೆಗೆದು ಬಿಸಿಲಿಗೆ ಹಾಕಿರಿ. ಹಗಲೂ ಇರುಳೂ ಅದೇ ಇದ್ದರೆ ತೇವ ನಿಂತು ಚರ್ಮ ಕೆಡುತ್ತದೆ. ಇನ್ನೊಂದು ಮಾತು. ಚಳಿಗೆ ನಾಯಿ ಒಲೆಯ ಬೂದಿಗೆ ಹೋಗಿ ಮಲಗುತ್ತದೆ. ಈಗ ಪೇಟೆಯಲ್ಲಿ ಸಿಗುವ ಉಲ್ಲನ್ ದಾರ ಹೆಚ್ಚಿನದು ಕೃತಕ ನೂಲು. ಕೆಂಡ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಅಂಗಿ ತೊಡಿಸಿದ ನಾಯಿಯನ್ನು ಒಲೆಯ ಬಳಿ ಬಿಡಬೇಡಿರಿ. ಗೋಣಿ ಹೊದಿಸಿದ ಕರುವಿನ ಹತ್ತಿರ ಸೊಳ್ಳೆಗೆಂದು ಹೊಗೆ ಹಾಕಬೇಡಿರಿ.

ಒಂದೇ ಒಲೆ, ಇಬ್ಬರಿಗೂ ಊಟ

ಹಿಂದಿನವರು ಹುರುಳಿ ಬೇಯಿಸಿದರೆ ಕಾಳು ಎತ್ತಿಗೆ, ಕಟ್ಟು ಮನೆಮಂದಿಯ ಸಾರಿಗೆ. ಒಂದೇ ಸೌದೆಯಲ್ಲಿ ಕೊಟ್ಟಿಗೆಯೂ ಅಡಿಗೆಮನೆಯೂ ಬೆಚ್ಚಗಾಗುತ್ತಿದ್ದವು. ಈ ಬುದ್ಧಿಯನ್ನು ನಾವು ಬಿಡಬಾರದು.

ಈಗ ಅವರೆಯ ಕಾಲ. ಹಗಲು ಗಿಡ್ಡವಾದಾಗ ಹೂ ಬಿಡುವ ನಾಟಿ ಅವರೆಗೆ ಇಬ್ಬನಿ ಬಿದ್ದರೇ ಸೊಗಡು. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರು ವರ್ಷವೆಲ್ಲ ಕಾಯಿ ಬಿಡುವ ತಳಿಗಳನ್ನು ಕೊಟ್ಟಿದ್ದಾರೆ ನಿಜ. ಆದರೂ ಮಾಗಿಯ ಅವರೆಯ ರುಚಿಯೇ ಬೇರೆ. ಸುಲಿದ ಕಾಳನ್ನು ಬದನೆ, ಆಲೂಗೆಡ್ಡೆಯೊಡನೆ ಮೆತ್ತಗೆ ಬೇಯಿಸಿರಿ. ಈರುಳ್ಳಿ, ಬೆಳ್ಳುಳ್ಳಿಯನ್ನು ಹುರಿದು, ತೆಂಗಿನಕಾಯಿ, ಧನಿಯ, ಒಣಮೆಣಸಿನಕಾಯಿ, ಚೂರು ಚಕ್ಕೆ, ಎರಡು ಲವಂಗ ಸೇರಿಸಿ ನುಣ್ಣಗೆ ರುಬ್ಬಿ ಹಾಕಿ ಕುದಿಸಿರಿ. ರಾಗಿಮುದ್ದೆ ಕಟ್ಟುವುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಅಂಶವಿದೆ, ಅಕ್ಕಿಯಲ್ಲಿ ಅದು ತೀರ ಕಡಿಮೆ ಎಂಬುದನ್ನು ಮಾತ್ರ ಮಕ್ಕಳಿಗೆ ತಿಳಿಸಿರಿ.

ನಾಯಿಯ ಪಾಲನ್ನು ಮಾತ್ರ ಖಾರ ಹಾಕುವ ಮೊದಲೇ ತೆಗೆದಿಡಿರಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತವನ್ನು ಕೆಡಿಸುತ್ತವೆ. ಉಳಿದ ಸಾರನ್ನು ಕಲಸಿ ಹಾಕುವುದು ನಮ್ಮೆಲ್ಲರ ಮನೆಯ ಅಭ್ಯಾಸ, ಅದನ್ನು ಬಿಡಬೇಕು. ಬಿಸಿಯಾರಿದ ಮುದ್ದೆಗೆ ಮಜ್ಜಿಗೆಯನ್ನೋ ಬೆಂದ ಮೊಟ್ಟೆಯನ್ನೋ ಕಲಸಿ ಕೊಡಿರಿ. ಬೆಂದ ಕೋಳಿಮೂಳೆ ಸೀಳಿ ಗಂಟಲಿಗೆ ಸಿಕ್ಕುತ್ತದೆ, ಅದು ಬೇಡ. ಅವರೆಯ ಸಿಪ್ಪೆ ಹಸುವಿಗಿರಲಿ.

ಬಂಧುಗಳೇ, ನಮ್ಮಲ್ಲಿ ಉಳಿದ ಆ ಒಂದು ಮರಿ ಈಗ ದೊಡ್ಡದಾಗಿ ನಮ್ಮ ಬಾಗಿಲು ಕಾಯುತ್ತಿದೆ. ಪ್ರತಿ ಚಳಿಗಾಲಕ್ಕೂ ಅದಕ್ಕೆ ಹೊಸ ಅಂಗಿ ಹೆಣೆಯುತ್ತೇನೆ. ಆದರೆ ಮೊದಲು ಅದರ ಕೆಳಗೆ ಎರಡು ಮಡಿಕೆ ಗೋಣಿ ಹಾಸಿ, ಕೈಯಿಟ್ಟು ಒಣಗಿದೆಯೇ ಎಂದು ನೋಡುತ್ತೇನೆ. ಶಿವರಾತ್ರಿ ಬಂದರೆ ಚಳಿ ಶಿವಶಿವಾ ಎಂದು ಓಡುತ್ತದೆ. ಅಲ್ಲಿಯವರೆಗೆ ನೀವು ಉಂಡು ಮಲಗುವ ಮುನ್ನ ಲಾಟೀನನ್ನೋ ಬ್ಯಾಟರಿಯನ್ನೋ ಹಿಡಿದು ಒಂದು ಸಲ ಕೊಟ್ಟಿಗೆಗೆ ಹೋಗಿ, ಹಾಸಿನ ಮೇಲೆ ಕೈಯಿಟ್ಟು ನೋಡಿರಿ. ನಾನು ಕೇಳಿಕೊಳ್ಳುವುದು ಇಷ್ಟೇ.