ಮಲಗಿ ಮಾಡುವ ಸಾಮು



ಎರಡು ವರ್ಷದ ಹಿಂದೆ ನಮ್ಮ ದೊಡ್ಡಮ್ಮ ಸೊಂಟನೋವಿಗೆಂದು ಡಾಕ್ಟರ ಹತ್ತಿರ ಹೋಗಿದ್ದರು. ಚೀಟಿಯಲ್ಲಿ ಎರಡು ಮಾತ್ರೆಗಳ ಕೆಳಗೆ ಮೂರನೆಯದಾಗಿ ‘ಪಿಲಾಟೀಸ್’ ಎಂದು ಬರೆದಿತ್ತು. ದೊಡ್ಡಮ್ಮ ಅದನ್ನು ಮೆಡಿಕಲ್ ಶಾಪಿನ ಹುಡುಗನ ಕೈಗೆ ಕೊಟ್ಟು, “ಮೂರನೆಯದು ದುಬಾರಿಯಾದರೆ ಐದೇ ಕೊಡಪ್ಪ” ಅಂದರಂತೆ. ಹುಡುಗ ಚೀಟಿಯನ್ನು ಎರಡು ಸಲ ಓದಿ, “ಸ್ಟಾಕ್ ಇಲ್ಲ ಅಮ್ಮ” ಎಂದು ಕಳಿಸಿದ.

ಅದು ಮಾತ್ರೆಯಲ್ಲ, ಒಬ್ಬ ಮನುಷ್ಯನ ಹೆಸರು. ಜೋಸೆಫ್ ಪಿಲಾಟೀಸ್ ಹುಟ್ಟಿದ್ದು 1883ರಲ್ಲಿ, ಜರ್ಮನಿಯ ಮ್ಯೋನ್ಶೆನ್‌ಗ್ಲಾಡ್‌ಬಾಖ್ ಎಂಬ ಬಟ್ಟೆಗಿರಣಿಗಳ ಊರಿನಲ್ಲಿ. ಉಬ್ಬಸ, ಮೂಳೆ ಮೆತ್ತಗಾಗುವ ರಿಕೆಟ್ಸ್, ಕೀಲುಗಳನ್ನು ಹಿಡಿಯುವ ಜ್ವರ, ಇವೆಲ್ಲ ಬಾಲ್ಯದಲ್ಲೇ ಆತನನ್ನು ಕಾಡಿದವು ಎನ್ನುತ್ತಾರೆ. ಅಂಥ ಹುಡುಗ ಹಟ ಹಿಡಿದು ಜಿಮ್ನಾಸ್ಟಿಕ್ಸ್ ಕಲಿತ, ಕುಸ್ತಿ ಕಲಿತ, ಮುಷ್ಟಿಯುದ್ಧ ಕಲಿತ. ನಮ್ಮ ಗರಡಿಮನೆಗೆ ಸಾಮಾನ್ಯವಾಗಿ ಗಟ್ಟಿಮುಟ್ಟಾದವನೇ ಹೋಗುತ್ತಿದ್ದ, ಹೋಗಿ ಇನ್ನಷ್ಟು ಗಟ್ಟಿಯಾಗುತ್ತಿದ್ದ. ಈತನ ಸಾಮು ಶುರುವಾದದ್ದು ಇನ್ನೊಂದು ತುದಿಯಿಂದ, ಏಳಲಾರದವನ ಹಾಸಿಗೆಯಿಂದ.

ಮೊದಲ ಮಹಾಯುದ್ಧದ ಹೊತ್ತಿಗೆ ಆತ ಇಂಗ್ಲೆಂಡಿನಲ್ಲಿದ್ದ. ಜರ್ಮನ್ ಪ್ರಜೆ, ಅಂದಮೇಲೆ ಶತ್ರು. ಹಿಡಿದು ಮೊದಲು ಲ್ಯಾಂಕಾಸ್ಟರಿನಲ್ಲಿ, ಆಮೇಲೆ ಐಲ್ ಆಫ್ ಮ್ಯಾನ್ ದ್ವೀಪದ ನಾಕಲೋ ಶಿಬಿರದಲ್ಲಿ ಇಟ್ಟರು. ಒಂದು ಕಾಲಕ್ಕೆ ಅಲ್ಲಿ ಸುಮಾರು 23,000 ಗಂಡಸರಿದ್ದರು. ಮರದ ಗುಡಿಸಲುಗಳು, ಸುತ್ತ ಮುಳ್ಳುತಂತಿ. ಕೆಲಸವಿಲ್ಲ, ಬಿಡುಗಡೆಯ ದಿನ ಗೊತ್ತಿಲ್ಲ. ಇಂಥ ಶಿಬಿರಗಳಲ್ಲಿ ಜನ ಮಂಕಾಗಿ, ಸಿಡುಕರಾಗಿ, ನಿದ್ದೆಗೆಟ್ಟು ಕೂರುವುದಕ್ಕೆ ‘ಮುಳ್ಳುತಂತಿ ರೋಗ’ ಎಂಬ ಹೆಸರೇ ಹುಟ್ಟಿಕೊಂಡಿತು. ಜೋಸೆಫ್ ಅಲ್ಲಿ ಜೊತೆಯವರಿಗೆ ವ್ಯಾಯಾಮ ಹೇಳಿಕೊಟ್ಟ. ನೆಲವೊಂದಿದ್ದರೆ ಸಾಕು, ಬೇರೆ ಸಾಮಾನು ಬೇಡದ ವ್ಯಾಯಾಮ.

ಏಳಲಾಗದ ರೋಗಿಗಳಿಗಾಗಿ ಆಸ್ಪತ್ರೆ ಮಂಚದ ಸ್ಪ್ರಿಂಗುಗಳನ್ನು ಬಿಚ್ಚಿ, ಕೈಕಾಲು ಎಳೆದಾಡಿಸಲು ಕಟ್ಟಿಕೊಟ್ಟ ಎನ್ನುವ ಕಥೆಯೂ ಶಿಷ್ಯರ ಬಾಯಲ್ಲಿ ಬಂದಿದೆ. 1918ರ ಇನ್‌ಫ್ಲುಯೆಂಜಾದಲ್ಲಿ ಆತ ತರಬೇತಿ ಕೊಟ್ಟವರಲ್ಲಿ ಒಬ್ಬರೂ ಸಾಯಲಿಲ್ಲ ಎಂದೂ ಹೇಳುತ್ತಾರೆ. ಸ್ಪ್ರಿಂಗಿನ ಕಥೆಯನ್ನು ನಾನು ಅರ್ಧ ನಂಬುತ್ತೇನೆ, ಜ್ವರದ ಕಥೆಯನ್ನು ನಂಬುವುದಿಲ್ಲ. ಹೊಟ್ಟೆ ಬಿಗಿಹಿಡಿದರೆ ವೈರಾಣು ಹೆದರುವುದಿಲ್ಲ.

ಅದೇ 1918ರ ಡಿಸೆಂಬರಿನಲ್ಲಿ, ಅದೇ ಜ್ವರದ ನಡುವೆ, ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಒಂದು ನರಪೇತಲ ಮಗು ಹುಟ್ಟಿತು. ಮುಂದೆ ಬಿ.ಕೆ.ಎಸ್. ಅಯ್ಯಂಗಾರ್ ಎಂದು ಜಗತ್ತು ಕರೆದದ್ದು ಅವರನ್ನೇ. ಮಲೇರಿಯಾ, ಕ್ಷಯ, ಟೈಫಾಯ್ಡ್ ಎಲ್ಲ ಕಂಡ ದೇಹ ಅವರದು. ಕೈಲಾಗದವರಿಗೂ ಆಸನ ಸಿಗಲಿ ಎಂದು ಹಗ್ಗ, ಮರದ ಇಟ್ಟಿಗೆ, ಕುರ್ಚಿ ಕೊಟ್ಟವರು ಅವರು. ಒಬ್ಬರಿಂದ ಇನ್ನೊಬ್ಬರು ಕಲಿತರೆಂದು ನಾನು ಹೇಳುತ್ತಿಲ್ಲ. ಕಾಯಿಲೆ ಬಿದ್ದ ಮಕ್ಕಳು ದೊಡ್ಡವರಾದ ಮೇಲೆ ಎಂಥ ಸಲಕರಣೆ ಮಾಡುತ್ತಾರೆ, ನೋಡಿ.

ಯುದ್ಧ ಮುಗಿದ ಮೇಲೆ ಜರ್ಮನಿಗೆ ಹೋದ ಜೋಸೆಫ್, 1926ರಲ್ಲಿ ನ್ಯೂಯಾರ್ಕಿಗೆ ಹಡಗು ಹತ್ತಿದ. ಆ ಪಯಣದಲ್ಲಿ ಪರಿಚಯವಾದ ಕ್ಲಾರಾ ಕೊನೆಯವರೆಗೂ ಜೊತೆಗಿದ್ದಳು. ಎಂಟನೇ ಅವೆನ್ಯೂದ 939ನೇ ನಂಬರಿನ ಕಟ್ಟಡದಲ್ಲಿ ಇಬ್ಬರೂ ಸೇರಿ ವ್ಯಾಯಾಮಶಾಲೆ ತೆರೆದರು. ಜೋಸೆಫ್ ತನ್ನ ಪದ್ಧತಿಯನ್ನು ‘ಕಂಟ್ರಾಲಜಿ’ ಎಂದು ಕರೆದ, ಹತೋಟಿಯ ಶಾಸ್ತ್ರ ಎಂಬ ಅರ್ಥದಲ್ಲಿ. ಆ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ.

ಆ ಶಾಲೆಯಲ್ಲಿದ್ದ ಮುಖ್ಯ ಯಂತ್ರ ರಿಫಾರ್ಮರ್. ಮಂಚದಷ್ಟು ಉದ್ದದ ಚೌಕಟ್ಟು, ಅದರೊಳಗೆ ಗಾಲಿಗಳ ಮೇಲೆ ಹಿಂದೆ ಮುಂದೆ ಜಾರುವ ಹಲಗೆ, ಹಲಗೆಯನ್ನು ಚೌಕಟ್ಟಿಗೆ ಬಿಗಿದ ನಾಲ್ಕೈದು ಸ್ಪ್ರಿಂಗ್. ಹಲಗೆಯ ಮೇಲೆ ಅಂಗಾತ ಮಲಗಿ, ಎದುರಿನ ಅಡ್ಡಪಟ್ಟಿಗೆ ಪಾದ ಕೊಟ್ಟು ಒದ್ದರೆ ಹಲಗೆ ಹಿಂದೆ ಸರಿಯುತ್ತದೆ. ಇಲ್ಲಿ ಸ್ಪ್ರಿಂಗ್ ಹೆಚ್ಚಿದಷ್ಟೂ ಕಷ್ಟ. ಆದರೆ ಅದೇ ಕಾಲುಗಳನ್ನು ಹಗ್ಗದ ಕುಣಿಕೆಯೊಳಗೆ ತೂರಿಸಿ ಮೇಲೆತ್ತಿ ಇಳಿಸಲು ಹೋಗಿ. ಈಗ ಸ್ಪ್ರಿಂಗ್ ಹೆಚ್ಚಿದ್ದರೆ ಅದೇ ಕಾಲಿನ ಭಾರ ಹೊರುತ್ತದೆ. ಒಂದೊಂದೇ ಕಳಚುತ್ತ ಬಂದರೆ ಭಾರವೆಲ್ಲ ನಿಮ್ಮ ಹೊಟ್ಟೆಯ ಮೇಲೆ. ದುರ್ಬಲನಿಗೆ ಊರುಗೋಲು, ಬಲಶಾಲಿಗೆ ಎದುರಾಳಿ. ಇಪ್ಪತ್ತರ ನರ್ತಕಿಯೂ ಎಪ್ಪತ್ತರ ಅಜ್ಜಿಯೂ ಒಂದೇ ಯಂತ್ರದ ಮೇಲೆ ಮಲಗಬಹುದಾದದ್ದು ಇದರಿಂದ. ಮಲಗಿದ್ದರಿಂದ ಮೊಣಕಾಲಿನ ಮೇಲೆ ಮೈಭಾರವಿಲ್ಲ, ಬೀಳುವ ಭಯವೂ ಇಲ್ಲ.

ಆ ಶಾಲೆಗೆ ಮುಗಿಬಿದ್ದವರಲ್ಲಿ ನರ್ತಕರು ಬಹಳ. ಜಾರ್ಜ್ ಬಾಲಂಚಿನ್, ಮಾರ್ಥಾ ಗ್ರಹಾಂರಂಥ ದೊಡ್ಡ ನೃತ್ಯ ಸಂಯೋಜಕರು ತಮ್ಮ ನರ್ತಕರನ್ನು ಕಳಿಸಿದರು. ಕಾಲುಳುಕಿದ ನರ್ತಕಿಗೆ ವಿಶ್ರಾಂತಿಯೆಂದರೆ ಸಂಬಳಕ್ಕೆ ಕತ್ತರಿ. ಪೆಟ್ಟಾದ ಜಾಗ ಬಿಟ್ಟು ಉಳಿದ ಮೈಯನ್ನು ದುಡಿಸುವ ದಾರಿ ಅವಳಿಗೆ ಇಲ್ಲಿ ಸಿಕ್ಕಿತು. ಈವ್ ಜೆಂಟ್ರಿ ಎಂಬ ನರ್ತಕಿ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ಬಳಿಕ ತೋಳೆತ್ತಲಾರದೆ ಬಂದಳು. ಜೋಸೆಫ್ ಅವಳ ತೋಳು ಮತ್ತೆ ತಲೆಯ ಮೇಲೇಳುವಂತೆ ಮಾಡಿ, ವೈದ್ಯರಿಗೆ ತೋರಿಸಲೆಂದೇ ಅದನ್ನು ಚಿತ್ರೀಕರಿಸಿದ. ವೈದ್ಯಲೋಕ ತನ್ನನ್ನು ಒಪ್ಪಲಿಲ್ಲ ಎನ್ನುವ ಕೊರಗು ಆತನಿಗೆ ಕಡೆಯವರೆಗೂ ಇತ್ತು. ಬಾಯಿ ಸ್ವಲ್ಪ ಜೋರು, ತಾಳ್ಮೆ ಕಡಿಮೆ. ಮೆಲುದನಿಯಲ್ಲಿ, ಬಂದವರ ಮೈ ನೋಡಿ ವ್ಯಾಯಾಮವನ್ನು ತಿದ್ದಿಕೊಡುತ್ತಿದ್ದವಳು ಕ್ಲಾರಾ. ಪಿಲಾಟೀಸ್ ರೋಗಿಗಳಿಗೂ ದಕ್ಕಿತೆಂದರೆ ಅರ್ಧ ಪಾಲು ಅವಳದು. ಹೆಸರು ಮಾತ್ರ ಅವನದು.

1945ರಲ್ಲಿ ಜೋಸೆಫ್ ಬರೆದ ಪುಸ್ತಕದಲ್ಲಿ ಚಾಪೆಯ ಮೇಲೆ ಮಾಡುವ 34 ವ್ಯಾಯಾಮಗಳಿವೆ. ಮೊದಲನೆಯದರ ಹೆಸರೇ ‘ನೂರು’. ಅಂಗಾತ ಮಲಗಿ, ಕಾಲು ಚಾಚಿ ಎತ್ತಿ, ತಲೆ ಮೇಲೆತ್ತಿ, ಕೈಗಳನ್ನು ಪಕ್ಕದಲ್ಲಿ ನೀರು ಬಡಿಯುವ ಹಾಗೆ ಆಡಿಸುವುದು. ಐದು ಬಡಿತಕ್ಕೆ ಉಸಿರು ಒಳಗೆ, ಐದಕ್ಕೆ ಹೊರಗೆ, ಹೀಗೆ ಹತ್ತು ಸುತ್ತು. ಹುಡುಗರಿಗೂ ಬೆವರಿಳಿಯುತ್ತದೆ. ಕತ್ತುನೋವಿನವರು ತಲೆ ದಿಂಬಿನ ಮೇಲೇ ಇಟ್ಟು, ಮಂಡಿ ಮಡಚಿ, ಪಾದ ನೆಲಕ್ಕೂರಿ ಕೈ ಮತ್ತು ಉಸಿರನ್ನಷ್ಟೇ ಆಡಿಸಿದರೂ ಅದು ‘ನೂರೇ’.

ಜೋಸೆಫ್ 1967ರಲ್ಲಿ ತೀರಿಕೊಂಡ, ಕ್ಲಾರಾ ಸುಮಾರು ಹತ್ತು ವರ್ಷದ ಬಳಿಕ. ಎಪ್ಪತ್ತರ ದಶಕದಲ್ಲಿ ರಾನ್ ಫ್ಲೆಚರ್ ಎಂಬ ಶಿಷ್ಯ ಬೆವರ್ಲಿ ಹಿಲ್ಸಿನಲ್ಲಿ ಶಾಲೆ ತೆರೆದ; ಸಿನಿಮಾ ತಾರೆಯರು ಬಂದರು. ಹೆಸರಿಗೆ ಬೆಲೆ ಬಂದ ಮೇಲೆ ಜಗಳವೂ ಬಂತು. ‘ಪಿಲಾಟೀಸ್’ ತಮ್ಮ ಟ್ರೇಡ್‌ಮಾರ್ಕ್, ಬೇರೆಯವರು ಬಳಸಕೂಡದು ಎಂದು ಕೆಲವರು ಕೋರ್ಟಿಗೆ ಹೋದರು. 2000ದ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ, ಯೋಗ, ಕರಾಟೆಯಂತೆ ಇದೂ ಒಂದು ಪದ್ಧತಿಯ ಹೆಸರು, ಯಾರೊಬ್ಬರ ಸೊತ್ತೂ ಅಲ್ಲ ಎಂದಿತು. ಇಂದು ಬೆಂಗಳೂರಿನ ಬಡಾವಣೆಗಳಲ್ಲೂ ಆ ಬೋರ್ಡು ಕಾಣುತ್ತದೆ. ಕಲಿತವರೂ ಬೋರ್ಡು ಹಾಕಬಹುದು, ವಾರಾಂತ್ಯದಲ್ಲಿ ಓದಿ ಬಂದವರೂ ಹಾಕಬಹುದು.

ವೈದ್ಯಲೋಕ ಇತ್ತ ತಿರುಗಿದ್ದು ಬೇರೆ ದಾರಿಯಿಂದ. ಹೊಟ್ಟೆಯ ಸುತ್ತ ಸೊಂಟಪಟ್ಟಿಯಂತೆ ಅಡ್ಡಕ್ಕೆ ಸುತ್ತಿಕೊಂಡ ಒಂದು ಒಳಸ್ನಾಯು ಇದೆ. ಆರೋಗ್ಯವಂತರು ಕೈ ಎತ್ತುವ ಮುನ್ನವೇ ಅದು ಬಿಗಿಯುತ್ತದೆ, ಬೆನ್ನುನೋವಿನವರಲ್ಲಿ ತಡವಾಗಿ ಬಿಗಿಯುತ್ತದೆ ಎಂದು 1996ರಲ್ಲಿ ಆಸ್ಟ್ರೇಲಿಯಾದ ಹಾಜಸ್ ಮತ್ತು ರಿಚರ್ಡ್‌ಸನ್ ತೋರಿಸಿದರು. ಆ ಸ್ನಾಯುವನ್ನು ಪಳಗಿಸುವ ದಾರಿ ಹುಡುಕುತ್ತಿದ್ದ ಫಿಸಿಯೋಥೆರಪಿಯವರ ಕಣ್ಣು ಪಿಲಾಟೀಸ್ ಕಡೆ ಹೊರಳಿತು. ಬಾಣಂತಿಯ ಹೊಟ್ಟೆಗೆ ನಮ್ಮಲ್ಲಿ ಸೀರೆ ಬಿಗಿದು ಕಟ್ಟುತ್ತಾರಲ್ಲ, ಆ ಕಟ್ಟನ್ನು ಒಳಗಿನಿಂದಲೇ ಕಟ್ಟಿಕೊಳ್ಳಲು ಕಲಿಯುವುದು ಇದು. ಹೆರಿಗೆಯಾದವರಿಗೆ ಉಪಯೋಗ ಎನ್ನುವುದು ಇದಕ್ಕೇ. ಆದರೆ ಡಾಕ್ಟರ ಒಪ್ಪಿಗೆ ಸಿಕ್ಕ ಮೇಲೆ, ಮೆಲ್ಲಗೆ. ಬಸುರಿಯರು ಮೊದಲ ಮೂರು ತಿಂಗಳಾದ ಮೇಲೆ ಅಂಗಾತ ಮಲಗಿ ಹೆಚ್ಚು ಹೊತ್ತು ಮಾಡಬಾರದು. ಮಗ್ಗುಲಾಗಿ, ಕೂತು ಮಾಡುವಂಥವು ಬೇಕಾದಷ್ಟಿವೆ.

ಹೊಗಳಿಕೆಗೆ ಒಂದು ಮಿತಿ ಇರಲಿ. ಬಹುಕಾಲದ ಸೊಂಟನೋವಿನ ಮೇಲೆ ನಡೆದ 10 ಪ್ರಯೋಗಗಳನ್ನು, 510 ರೋಗಿಗಳನ್ನು, ಒಟ್ಟಿಗೆ ತೂಗಿದ ಕಾಕ್ರೇನ್ ಸಂಸ್ಥೆಯ 2015ರ ವರದಿ, ಹೆಚ್ಚೇನೂ ಮಾಡದವರಿಗಿಂತ ಪಿಲಾಟೀಸ್ ಮಾಡಿದವರಿಗೆ ನೋವು ತಗ್ಗಿತು ಎಂದಿತು. ಬೇರೆ ವ್ಯಾಯಾಮಗಳಿಗಿಂತ ಇದು ಮೇಲು ಎನ್ನಲು ಗಟ್ಟಿ ಆಧಾರವಿಲ್ಲ ಎಂದೂ ಹೇಳಿತು. ತೂಕ ಇಳಿಸಲು ಇದೊಂದನ್ನೇ ನಂಬಬೇಡಿ. ಹೃದಯಕ್ಕೆ ಬೇಕಾದ ಬಿರುಸುನಡಿಗೆಯನ್ನೂ ಬಿಡಬೇಡಿ.

ವಯಸ್ಸಾದವರಿಗೆ ಒಂದು ಎಚ್ಚರಿಕೆ ಇನ್ನೂ ಮುಖ್ಯ. 34ರಲ್ಲಿ ಹಲವು ವ್ಯಾಯಾಮಗಳು ಬೆನ್ನನ್ನು ಚೆಂಡಿನಂತೆ ಸುರುಳಿ ಸುತ್ತಿ ಉರುಳುವಂಥವು. ಮೂಳೆ ಸವೆದವರಿಗೆ ಅವು ಅಪಾಯ. ಅಮೆರಿಕದಲ್ಲಿ 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೂಳೆ ಸವೆತವಿದ್ದ ಹೆಂಗಸರ ಪೈಕಿ ಮುಂದಕ್ಕೆ ಬಾಗುವ ವ್ಯಾಯಾಮ ಮಾಡಿದವರಲ್ಲಿ 89 ಪ್ರತಿಶತ ಮಂದಿಗೆ ಬೆನ್ನುಮೂಳೆಯಲ್ಲಿ ಮತ್ತೆ ಬಿರುಕು ಬಂತು. ಬೆನ್ನು ಹಿಂದಕ್ಕೆ ನಿಗುರಿಸುವ ವ್ಯಾಯಾಮ ಮಾಡಿದವರಲ್ಲಿ ಅದು 16 ಪ್ರತಿಶತ. ಚಿಕ್ಕ ಅಧ್ಯಯನವೇ, ಆದರೂ ಅರವತ್ತು ದಾಟಿದವರನ್ನು ಮೊದಲ ದಿನವೇ ಉರುಳಿಸುವ ಶಿಕ್ಷಕರ ಕಡೆ ಮತ್ತೆ ಹೋಗಬೇಡಿ. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲದ ವ್ಯಾಯಾಮ ಮಾಡಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕೆ ನೆಲದ ಮೇಲೆ ಮಲಗಿ ಏಳಬೇಕೆಂದೂ ಇಲ್ಲ.

ದೊಡ್ಡಮ್ಮನಿಗೆ ಕಡೆಗೆ ಸಿಕ್ಕಿದ ಫಿಸಿಯೋಥೆರಪಿಸ್ಟ್ ಹುಡುಗಿಯ ಹತ್ತಿರ ರಿಫಾರ್ಮರ್ ಇರಲಿಲ್ಲ. ಊಟದ ಮನೆಯ ಕುರ್ಚಿಯೊಂದನ್ನು ಗೋಡೆಗೆ ಒತ್ತಿಸಿ ಇಟ್ಟಳು. ಮೊದಲ ವಾರ ಎರಡೂ ಕೈ ಕುರ್ಚಿಯ ತೋಳಿನ ಮೇಲೆ, ಮೂಗಿನಿಂದ ಉಸಿರೆಳೆದು, ಬಿಡುತ್ತ ಏಳುವುದು, ಮತ್ತೆ ನಿಧಾನ ಕೂರುವುದು. ಮುಂದಿನ ವಾರ ಒಂದೇ ಕೈ. ಆಮೇಲೆ ಎರಡು ಬೆರಳು. ಅಲ್ಲಿ ದೊಡ್ಡಮ್ಮನ ಕೈಗಳೇ ಸ್ಪ್ರಿಂಗ್, ಒಂದೊಂದಾಗಿ ಕಳಚಿದರು. ಈಗ ಕೈ ಎದೆಯ ಮೇಲೆ ಕಟ್ಟಿಕೊಂಡು ಎಂಟು ಸಲ ಏಳುತ್ತಾರೆ, ಒಂಬತ್ತನೆಯದಕ್ಕೆ ಕಾಫಿ ಕೇಳುತ್ತಾರೆ. ನೀವೂ ಈಗ ಕುರ್ಚಿಯ ಮೇಲೇ ಕೂತು ಕೇಳುತ್ತಿದ್ದರೆ, ಮಂಡಿಯಲ್ಲಿ ನೋವಿಲ್ಲದಿದ್ದರೆ, ಒಮ್ಮೆ ಎದ್ದು ನೋಡಿ. ಬೇಕಿದ್ದರೆ ಕೈ ಊರಿ.