ಬಸ್ಕಿ ಹೊಡೆಯೋಕೆ ಜಿಮ್ ಯಾಕೆ ಸ್ವಾಮಿ?

2025ರ ಜುಲೈ ನೆನಪಿದೆ ತಾನೇ? ಹಾಸನದಿಂದ ಒಂದರ ಹಿಂದೆ ಒಂದು ಹೃದಯಾಘಾತದ ಸುದ್ದಿ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನಿಂದಲೇ ಕ್ಯೂ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗಲೂ ಹೀಗೇ ಜನ ಆಸ್ಪತ್ರೆಗೆ ಓಡಿದ್ದರು. ‘ಜಿಮ್ಮಿಗೆ ಹೋದ್ರೆ ಹಾರ್ಟ್ ಹೋಗುತ್ತಂತೆ’ ಅನ್ನೋ ಮಾತೂ ಆಗಲೇ ಊರೆಲ್ಲ ಓಡಾಡಿದ್ದು.

ಭಯ ಸಹಜ. ನಾನು ಕೇಳೋದು ಇಷ್ಟೇ: ಇಸಿಜಿ ನಾರ್ಮಲ್ ಅಂತ ಬಂದ ಮೇಲೆ ಏನು ಮಾಡಿದ್ರಿ? ಮನೆಗೆ ಬಂದು ಸೋಫಾ ಮೇಲೆ ಕೂತ್ರಿ. ಅಲ್ವಾ?

ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆ 2024ರಲ್ಲಿ ಒಂದು ಲೆಕ್ಕ ಪ್ರಕಟಿಸಿತು. ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲ. ಗಂಡಸರಲ್ಲಿ ಶೇ. 42, ಹೆಂಗಸರಲ್ಲಿ ಶೇ. 57. ಹಾಗಾದ್ರೆ ಎಷ್ಟು ಬೇಕು? ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷ, ಜತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಅದರಲ್ಲಿ ಜಿಮ್ ಅನ್ನೋ ಷರತ್ತೇನೂ ಇಲ್ಲ.

ಮೈಸೂರಿನ ಗರಡಿಮನೆಗಳಲ್ಲಿ ಪೈಲ್ವಾನರು ಮೈ ಕಟ್ಟಿದ್ದು ಯಾವುದರಿಂದ? ದಂಡ ಮತ್ತು ಬಸ್ಕಿಯಿಂದ. ಸ್ಕೂಲಲ್ಲಿ ಮೇಷ್ಟ್ರು ಶಿಕ್ಷೆ ಅಂತ ಹೊಡೆಸ್ತಿದ್ರಲ್ಲ, ಅದೇ ಬಸ್ಕಿ. ಈಗ ಅದಕ್ಕೆ ‘ಸ್ಕ್ವಾಟ್’ ಅಂತ ಹೆಸರಿಟ್ಟು ತಿಂಗಳಿಗೆ ಫೀಸು ಕಟ್ಟಿಸಿಕೊಳ್ತಾರೆ!

ನೆಲದ ಮೇಲೆ ದಂಡ ಹೊಡೆಯೋಕಾಗಲ್ವಾ? ಗೋಡೆಯಿಂದ ಶುರು ಮಾಡಿ. ಗೋಡೆಗೆ ಎರಡೂ ಕೈ ಊರಿ, ಒಂದು ಹೆಜ್ಜೆ ಹಿಂದೆ ನಿಂತು, ಎದೆಯನ್ನು ಗೋಡೆ ಹತ್ತಿರ ತಂದು ವಾಪಸ್ ತಳ್ಳಿ. ಹದಿನೈದು ಸಲ ಸಲೀಸಾಗಿ ಆಯ್ತು ಅಂದ್ರೆ ಅಡುಗೆಮನೆ ಕಟ್ಟೆಗೆ ಬನ್ನಿ. ಆಮೇಲೆ ಮಂಚದ ಅಂಚು, ಕೊನೆಗೆ ನೆಲ. ಕೈ ಕೆಳಗಿಳಿದಷ್ಟೂ ಭಾರ ಜಾಸ್ತಿ. ಬಸ್ಕಿಗೂ ಅದೇ ದಾರಿ: ಮೊದಲು ಕುರ್ಚಿಯಿಂದ ಕೈ ಊರದೆ ಏಳಿ, ಕೂರಿ. ಬೆನ್ನಿನ ಸ್ನಾಯುಗಳಿಗೆ ಮಾತ್ರ ಏನನ್ನಾದರೂ ಎಳೆಯಬೇಕು. ಐದು ಲೀಟರ್ ನೀರಿನ ಕ್ಯಾನ್ ಅಂದ್ರೆ ಐದು ಕೆ.ಜಿ. ಸೊಂಟದಿಂದ ಸ್ವಲ್ಪ ಬಾಗಿ, ಬೆನ್ನು ನೇರ ಇಟ್ಟು, ಅದನ್ನು ಪಕ್ಕೆಗೆ ಎಳೆದುಕೊಳ್ಳಿ. ಡಂಬೆಲ್ ದುಡ್ಡು ಉಳೀತು.

ಈಗ ಒಂದು ಮಾತು, ಬೇಜಾರಾದ್ರೂ ಪರವಾಗಿಲ್ಲ. ‘ನಮ್ಮಮ್ಮ ದಿನವಿಡೀ ಮನೆಕೆಲಸ ಮಾಡ್ತಾರೆ, ಅವರಿಗ್ಯಾಕೆ ವ್ಯಾಯಾಮ’ ಅನ್ನೋ ಮಕ್ಕಳಿದ್ದಾರೆ. ಒಲೆ ಮುಂದೆ ಎರಡು ಗಂಟೆ ನಿಂತರೆ ಕಾಲು ಸೋಲುತ್ತೆ, ಬಲ ಬರಲ್ಲ. ವಯಸ್ಸಾದಂತೆ ಸ್ನಾಯು ಕರಗುತ್ತೆ. ಆಮೇಲೆ ನೆಲದಿಂದ ಏಳೋಕೆ ಇನ್ನೊಬ್ಬರ ಕೈ ಬೇಕು, ಬಚ್ಚಲಲ್ಲಿ ಜಾರಿದರೆ ಸೊಂಟದ ಮೂಳೆಗೇ ಬರುತ್ತೆ. ಆ ಶೇ. 57ರಲ್ಲಿ ನಿಮ್ಮ ಅಮ್ಮನೂ ಇರಬಹುದು. ಅವರಿಗೆ ಬೇಕಾಗಿರೋದು ಉಪದೇಶ ಅಲ್ಲ, ಇಪ್ಪತ್ತು ನಿಮಿಷ ಬಿಡುವು. ಆ ಹೊತ್ತಲ್ಲಿ ಕುಕ್ಕರ್ ವಿಷಲ್ ನೀವು ಎಣಿಸಿ.

ಬಿಪಿ, ಶುಗರ್, ಹೃದಯದ ತೊಂದರೆ ಇರೋರು ಮೊದಲು ಡಾಕ್ಟರನ್ನು ಕೇಳಿ. ಉಳಿದವರಿಗೆ ಅಳತೆ ಸುಲಭ: ಚುರುಕಾಗಿ ನಡೆಯುವಾಗ ಮಾತಾಡೋಕಾಗಬೇಕು, ಹಾಡೋಕಾಗಬಾರದು. ಎದೆ ಹಿಡಿದುಕೊಂಡ ಹಾಗಾದ್ರೆ, ನೋವು ಎಡಗೈಗೋ ದವಡೆಗೋ ಹರಡಿದ್ರೆ, ತಣ್ಣನೆ ಬೆವರು ಬಂದ್ರೆ, ಅಲ್ಲಿಗೇ ನಿಲ್ಲಿಸಿ. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗಬೇಡಿ, 108ಕ್ಕೆ ಫೋನ್ ಮಾಡಿ.