ಮೂರು ತೆನೆ, ಅರೆ ಗಳಿಗೆ

ಇವತ್ತು ಗೊಬ್ಬರದ ಲೆಕ್ಕವನ್ನಾಗಲಿ ಔಷಧದ ಪ್ರಮಾಣವನ್ನಾಗಲಿ ಹೇಳಲು ನಾನು ಬಂದಿಲ್ಲ. ಒಬ್ಬ ಸಣ್ಣ ರೈತರ ಗದ್ದೆಯಲ್ಲಿ ಒಂದು ದಿನ ನಡೆದ ಸಂಗತಿಯನ್ನು ಹೇಳಬೇಕೆಂದಿದ್ದೇನೆ. ಅರೆ ಗಳಿಗೆಯ ಸಂಗತಿ ಅದು. ಆದರೆ ಅದರಿಂದ ಆ ರೈತರ ಬಾಳಿನ ದಾರಿಯೇ ಬೇರೆಯಾಯಿತು.

ಊರಿನ ಹೆಸರು ನಾಂದೇಡ್. ನೀವು ಕೇಳಿರಬಹುದಾದ ದೊಡ್ಡ ಪಟ್ಟಣ ನಾಂದೇಡ್ ಅಲ್ಲ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆ, ನಾಗಭೀಡ್ ತಾಲ್ಲೂಕಿನ ಒಂದು ಹಳ್ಳಿ. ಕಾಡೂ ಇದೆ, ಬತ್ತದ ಬಯಲೂ ಇದೆ. ಅಲ್ಲಿ ದಾದಾಜಿ ರಾಮಾಜಿ ಖೋಬ್ರಾಗಡೆ ಎಂಬ ರೈತರಿದ್ದರು. ಓದಿದ್ದು ಮೂರನೇ ತರಗತಿ. ಜಮೀನು ಎರಡು ಎಕರೆಯೂ ಪೂರ್ತಿ ಇಲ್ಲ. 1983ರಲ್ಲಿ ಅವರ ಗದ್ದೆಯಲ್ಲಿದ್ದದ್ದು ‘ಪಟೇಲ್ 3’ ಎಂಬ ಬತ್ತ; ಆ ಕಡೆ ಆಗ ಹೆಸರಾಗಿದ್ದ ತಳಿ. ಪೈರು ಹೇಗಿದೆ ನೋಡಿಕೊಂಡು ಬರೋಣವೆಂದು ಗದ್ದೆಗೆ ಹೋದವರಿಗೆ, ಅಷ್ಟು ತೆನೆಗಳ ನಡುವೆ ಮೂರು ತೆನೆ ಬೇರೆಯಾಗಿ ಕಂಡವು. ಕಾಳಿನ ಬಣ್ಣ ಹಳದಿಯಾಗಿತ್ತು.

ಅಷ್ಟೇ ನೋಡಿ. ಹತ್ತು ಮಾರು ಆಚೆ ನಡೆದಿದ್ದರೆ ಕಾಣುತ್ತಿರಲಿಲ್ಲ. ಯಾರಾದರೂ ಬದುವಿನ ಮೇಲೆ ನಿಂತು ಮಾತಿಗೆ ಕರೆದಿದ್ದರೂ ಕಾಣುತ್ತಿರಲಿಲ್ಲ. ಕಂಡರೂ ‘ಏನೋ ಬೆರಕೆ’ ಅಂದುಕೊಂಡು ಮುಂದೆ ಹೋಗಬಹುದಿತ್ತು. ನಮ್ಮಲ್ಲಿ ಬಹಳ ಜನ ಹೋಗುವುದೇ ಹಾಗೆ. ದಾದಾಜಿ ಆ ಮೂರು ತೆನೆಗಳನ್ನು ಕಿತ್ತು, ಪ್ಲಾಸ್ಟಿಕ್ ಚೀಲವೊಂದರಲ್ಲಿ ಹಾಕಿ ಮನೆಯಲ್ಲಿ ಜೋಪಾನ ಮಾಡಿದರು.

ಮಾರನೆಯ ವರ್ಷ ಆ ಕಾಳುಗಳನ್ನು ಗದ್ದೆಯ ನಡುವೆ ಬೇರೆಯಾಗಿ ಹಾಕಿದರು. ಕಾಡುಹಂದಿ ನುಗ್ಗುವ ಜಾಗವಾದ್ದರಿಂದ ಸುತ್ತ ಮುಳ್ಳಿನ ಬೇಲಿ ಕಟ್ಟಿದರು. ಒಂದು ಹಿಡಿ ಬತ್ತಕ್ಕೆ ಬೇಲಿ! ನೆರೆಯವರು ಏನಂದರೋ ಗೊತ್ತಿಲ್ಲ, ನಮ್ಮೂರಲ್ಲಾದರೆ ನಗುತ್ತಿದ್ದರು. ವರ್ಷ ವರ್ಷವೂ ಅದೇ ಗುಣದ ಪೈರನ್ನೇ ಆರಿಸಿ ಬೀಜ ಹೆಚ್ಚಿಸುತ್ತ ಬಂದರು. ಬೇಯಿಸಿ ನೋಡಿದಾಗ ಅನ್ನ ಹಳೆಯ ತಳಿಗಿಂತ ರುಚಿಯಾಗಿತ್ತು, ಕಾಳು ಸಣ್ಣಗಿತ್ತು. 1990ರಲ್ಲಿ ಅದೇ ಊರಿನ ದೊಡ್ಡ ಹಿಡುವಳಿಯ ರೈತರೊಬ್ಬರು ಬೀಜ ಕೊಂಡು ಬೆಳೆದು ಬತ್ತವನ್ನು ಮಾರುಕಟ್ಟೆಗೆ ಒಯ್ದರು. ಮಾಲೇನೋ ಚೆನ್ನಾಗಿದೆ, ಆದರೆ ಅದಕ್ಕೊಂದು ಹೆಸರಿಲ್ಲ. ಆ ಕಾಲದಲ್ಲಿ ಒಳ್ಳೆಯ ಕೈಗಡಿಯಾರ ಅಂದರೆ ಎಚ್.ಎಂ.ಟಿ. ವ್ಯಾಪಾರಿ ಆ ಹೆಸರನ್ನೇ ಬತ್ತಕ್ಕೆ ಇಟ್ಟುಬಿಟ್ಟ. 1961ರಲ್ಲಿ ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲಿ ತಯಾರಾಗಲು ಶುರುವಾದ ಗಡಿಯಾರದ ಹೆಸರು ಹೀಗೆ ಚಂದ್ರಪುರದ ಬತ್ತಕ್ಕೆ ಅಂಟಿಕೊಂಡಿತು. ಇಂದಿಗೂ ಅಂಗಡಿಯಲ್ಲಿ ಎಚ್.ಎಂ.ಟಿ. ಅಕ್ಕಿ ಎಂದು ಕೇಳಿದರೆ ಕೊಡುತ್ತಾರೆ. ಆ ಗಡಿಯಾರದ ಕಾರ್ಖಾನೆ ಮುಚ್ಚಿಹೋಯಿತು, ಅಕ್ಕಿ ಉಳಿಯಿತು.

ದಾದಾಜಿ ಅಲ್ಲಿಗೇ ನಿಲ್ಲಿಸಲಿಲ್ಲ. ಒಂದು ಸಲ ಬಿದ್ದ ಕಣ್ಣು ಮತ್ತೆ ಮತ್ತೆ ಬೀಳುತ್ತಲೇ ಹೋಯಿತು. ನಾಂದೇಡ್ ಹೀರಾ, ವಿಜಯ ನಾಂದೇಡ್, ಡಿ.ಆರ್.ಕೆ. ಹೀಗೆ ಇನ್ನೂ ಕೆಲವು ತಳಿಗಳನ್ನು ಆರಿಸಿದರು. 2005ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ಪ್ರಶಸ್ತಿ ಪಡೆದರು. ಆದರೆ ಸುಳ್ಳು ಹೇಳಬಾರದು. ಹಣ ಅವರ ಕೈ ಸೇರಲಿಲ್ಲ. ಬೀಜ ಕೈಯಿಂದ ಕೈಗೆ, ಊರಿಂದ ಊರಿಗೆ ಹೋಯಿತು, ಲಾಭ ಮಾಡಿಕೊಂಡವರು ಬೇರೆಯವರು. 2018ರ ಜೂನ್ ತಿಂಗಳಲ್ಲಿ ತೀರಿಕೊಳ್ಳುವವರೆಗೂ ಬಡತನ ಅವರನ್ನು ಬಿಡಲಿಲ್ಲ. ರೈತರು ತಾವು ಕಾಪಾಡಿದ ತಳಿಯನ್ನು ತಮ್ಮ ಹೆಸರಿಗೆ ನೋಂದಾಯಿಸಿಕೊಳ್ಳಲು ಅವಕಾಶ ಕೊಟ್ಟ ಕಾಯಿದೆ ಬಂದದ್ದು 2001ರಲ್ಲಿ. ಅವರ ಬತ್ತ ಅಷ್ಟರಲ್ಲಿ ಎಲ್ಲೆಲ್ಲೋ ಹೋಗಿಯಾಗಿತ್ತು.

ಇದನ್ನು ಕೇಳುವಾಗೆಲ್ಲ ನನಗೆ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷ. ರಾಗಿ ಹೊಲದ ಬದುವಿನಲ್ಲಿ ಹೋಗುತ್ತಿದ್ದಾಗ ಒಬ್ಬ ಅಜ್ಜಿ ಕೂಗಿ ನಿಲ್ಲಿಸಿ ಒಂದು ತೆನೆ ತೋರಿಸಿದರು. ‘ಏನ್ ಸ್ವಾಮಿ ಇದು, ಇದೊಂದೇ ಬ್ಯಾರೆ ಥರಾ ಐತಲ್ಲ?’ ಅಂದರು. ನಾನು ಸರಿಯಾಗಿ ನೋಡಲೂ ಇಲ್ಲ. ‘ಬೆರಕೆ ಕಣಜ್ಜಿ, ಕಿತ್ತು ಹಾಕಿ’ ಅಂದೆ. ಬೀಜದ ತಾಕಿನಲ್ಲಿ ಬೆರಕೆ ಕೀಳಬೇಕು ಎಂದು ನಮಗೆ ಕಲಿಸಿದ್ದರು. ಆ ಪಾಠ ಸರಿಯೇ. ಆದರೆ ಕಿತ್ತದ್ದನ್ನು ಬಿಸಾಡುವ ಮುಂಚೆ ನೋಡು ಎಂದು ಯಾರೂ ಹೇಳಿರಲಿಲ್ಲ. ಕೆಲವು ದಿನದ ಮೇಲೆ ಮನಸ್ಸು ತಡೆಯದೆ ಹೋಗಿ ಕೇಳಿದೆ. ‘ನೀನೇ ಹೇಳ್ದಲ್ಲಪ್ಪಾ, ಎಮ್ಮೆಗೆ ಹಾಕ್ದೆ’ ಅಂದರು. ಆ ತೆನೆಯಲ್ಲಿ ಏನೂ ಇಲ್ಲದೆಯೂ ಇರಬಹುದು. ಈಗ ಅದನ್ನು ಹೇಳಬೇಕಾದದ್ದು ಎಮ್ಮೆ.

ಇಂಥ ತೆನೆ ಬರುವುದಾದರೂ ಹೇಗೆ? ಬತ್ತದ ಹೂವು ತನ್ನ ಪರಾಗವನ್ನೇ ತಾನು ಪಡೆದು ಕಾಳು ಕಟ್ಟುತ್ತದೆ. ಎಲ್ಲೋ ಅಪರೂಪಕ್ಕೆ ಪಕ್ಕದ ತಳಿಯ ಪರಾಗ ಬಂದು ಬೀಳುವುದುಂಟು, ಇನ್ನೂ ಅಪರೂಪಕ್ಕೆ ಗಿಡದೊಳಗೇ ಗುಣ ಬದಲಾಗುವುದೂ ಉಂಟು. ಹಲವು ಸಲ ಕಣದಲ್ಲಿ ಬೇರೆ ಬೀಜ ಸೇರಿದ್ದೇ ಕಾರಣ. ಆದ್ದರಿಂದ ಬೇರೆಯಾಗಿ ಕಂಡದ್ದೆಲ್ಲ ಚಿನ್ನವೆಂದು ತಿಳಿಯಬೇಡಿ. ಕಾಳಿನ ಜಾಗದಲ್ಲಿ ಹಳದಿ ಹಸಿರು ಪುಡಿಯ ಉಂಡೆ ಇದ್ದರೆ ಅದು ರೋಗ. ತೆನೆ ಬಿಡಿಸಿಕೊಳ್ಳದೆ ಊದುಬತ್ತಿಯ ಹಾಗೆ ಸೆಟೆದು ನಿಂತಿದ್ದರೆ ಅದೂ ರೋಗವೇ. (ಈ ಎರಡನೆಯ ರೋಗಕ್ಕೆ ಇಂಗ್ಲಿಷ್ ಪುಸ್ತಕಗಳಲ್ಲೂ ನಮ್ಮ ಊದುಬತ್ತಿಯದೇ ಹೆಸರು.) ಬದುವಿನ ಅಂಚಿನಲ್ಲೋ ಗೊಬ್ಬರ ಸುರಿದ ಜಾಗದಲ್ಲೋ ದಪ್ಪಗೆ ಬೆಳೆದ ಪೈರು ನೋಡಿ ಮರುಳಾಗಬೇಡಿ, ಅದು ಬೆಳಕು, ಗೊಬ್ಬರಗಳ ಪುಣ್ಯ, ಬೀಜದ್ದಲ್ಲ. ಹೈಬ್ರಿಡ್ ಬೆಳೆಯಲ್ಲಿ ಕಂಡ ಗುಣ ಮರುವರ್ಷ ಹಾಗೇ ಬರುವುದಿಲ್ಲ. ಗದ್ದೆಯ ನಡುವೆ, ಸುತ್ತ ಇರುವ ಪೈರಿನಷ್ಟೇ ನೀರು ಗೊಬ್ಬರ ಉಂಡು, ಆದರೂ ಬೇರೆಯಾಗಿ ನಿಂತಿದೆಯಲ್ಲ, ಅದನ್ನು ನೋಡಿ.

ಕಂಡ ಕೂಡಲೇ ಆ ಬುಡಕ್ಕೆ ಬಣ್ಣದ ಬಟ್ಟೆಚೂರು ಕಟ್ಟಿ. ಪೂರ್ತಿ ಮಾಗಿದ ಮೇಲೆ, ಉಳಿದ ಪೈರು ಕುಯ್ಯುವ ಮುಂಚೆಯೇ ಅದನ್ನು ಕುಯ್ದು ನೆರಳಲ್ಲಿ ಒಣಗಿಸಿ ಬೇರೆ ಇಡಿ. ಯಾವ ದಿನ, ಯಾವ ತಾಕು, ಯಾವ ತಳಿಯ ನಡುವೆ ಸಿಕ್ಕಿತು ಎಂದು ಒಂದು ಚೀಟಿ ಬರೆದು ಜೊತೆಗೆ ಹಾಕಿ. ಮುಂದೆ ನಿಮ್ಮ ಹೆಸರು ಉಳಿಯಬೇಕಾದರೆ ಈ ಚೀಟಿ ಬೇಕಾಗುತ್ತದೆ. ಮರುವರ್ಷ ಒಂದೊಂದು ತೆನೆಯ ಕಾಳಿಗೂ ಒಂದೊಂದು ಸಾಲು, ಬುಡಕ್ಕೆ ಒಂದೇ ಸಸಿ. ಪಕ್ಕದಲ್ಲೇ ಹಳೆಯ ತಳಿಯ ಒಂದು ಸಾಲು ಹಾಕಿದರೆ ಹೋಲಿಸಿ ನೋಡಬಹುದು. ಸಸಿಗಳು ಒಂದೊಂದು ಒಂದೊಂದು ಥರ ಬಂದರೆ ಗಾಬರಿ ಬೇಡ. ಬೇಕಾದ ಗುಣದ್ದನ್ನೇ ಆರಿಸುತ್ತ ನಾಲ್ಕೈದು ವರ್ಷ ನಡೆಯಬೇಕು. ಇಳುವರಿ ತೂಗಿ ನೋಡಿ. ಆಮೇಲೆ ತಾಯಂದಿರೇ, ಬೇಯಿಸಿ ನೋಡಿ ಹೇಳುವುದು ನಿಮ್ಮ ಕೆಲಸ. ಬೀಜದ ಗಂಟು ಇರುವುದೂ ಹೆಚ್ಚಾಗಿ ನಿಮ್ಮ ಕೈಯಲ್ಲೇ. ಇಲಿಯಿಂದಲೂ, ಮಳೆಗಾಲದ ಅವಸರದಲ್ಲಿ ‘ಇದ್ಯಾವುದು ಒಂದು ಹಿಡಿ’ ಎಂದು ಕುಟ್ಟಲು ಸುರಿದುಬಿಡುವವರಿಂದಲೂ ಅದನ್ನು ಕಾಯಬೇಕಾದವರು ನೀವು.

ಈ ಸಲ ಕುಯಿಲಿಗೆ ಹೋಗುವಾಗ ಕುಡುಗೋಲಿನ ಜೊತೆಗೆ ಎರಡು ಬಟ್ಟೆಚೂರು ಇರಲಿ. ಏನಾದರೂ ಕಂಡರೆ ರೈತ ಸಂಪರ್ಕ ಕೇಂದ್ರಕ್ಕೆ ತನ್ನಿ, ಕೂತು ನೋಡೋಣ. ಕಿತ್ತು ಹಾಕಿ ಅಂತ ನಾನು ಈಗ ಅನ್ನುವುದಿಲ್ಲ.